ಧರ್ಮಪಾಲನ ತಡೆಪಟ್ಟಿ

ಧರ್ಮಪಾಲನನ್ನು ನಾನು ಮೊದಲು ಕಂಡದ್ದು ಆರು ವರ್ಷಗಳ ಹಿಂದೆ, ಒಂದು ಭಾನುವಾರ, ಪುತ್ತೂರಿನ ದರ್ಬೆಯ ನಮ್ಮ ಮನೆಯ ಮೆಟ್ಟಿಲಿನ ಮೇಲೆ. ಕನ್ನಡ ಮೇಷ್ಟರ ಕೆಲಸದಿಂದ ನಿವೃತ್ತನಾದ ಬಳಿಕ ವ್ಯಾಕರಣದ ಟಿಪ್ಪಣಿಗಳನ್ನು ಟೈಪು ಮಾಡಿಡಬೇಕೆಂದು ನಾನೊಂದು ಕಂಪ್ಯೂಟರು ಕೊಂಡಿದ್ದೆ. ಸಂಧಿ ಪ್ರಕರಣ ಮುಗಿಯುವ ಮೊದಲೇ ಅದರಲ್ಲಿ ಚದುರಂಗ ಆಡುವ ಚಟ ಹತ್ತಿತು. ಯಾವ ದೇಶದವನೆಂದು ತಿಳಿಯದ ಎದುರಾಳಿಗೆ ದಿನವೂ ಸೋಲುತ್ತಿದ್ದೆ. ಆ ತಾಣವೇ ತೆರೆಯದಂತೆ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಾಗ ಕಡಬದ ಧರ್ಮಪಾಲನ ಹೆಸರು ಬಂತು.

ನಲವತ್ತು ದಾಟಿದ ತೆಳ್ಳಗಿನ ಮನುಷ್ಯ. ಕೈಯಲ್ಲಿ ಚೀಲವಿಲ್ಲ, ಪೆಟ್ಟಿಗೆಯಿಲ್ಲ. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಪೆನ್‌ಡ್ರೈವ್ ಮಾತ್ರ. ಸಲಕರಣೆಗಳೆಲ್ಲಿ ಎಂದು ಕೇಳಿದೆ.

“ಎಲ್ಲ ಇದರಲ್ಲೇ ಉಂಟು ಸರ್. ನಿಮ್ಮ ಕಂಪ್ಯೂಟರಿನಲ್ಲಿ ನಾನು ಎಂತ ಕೂಡ ಇನ್‌ಸ್ಟಾಲ್ ಮಾಡುದಿಲ್ಲ. ಚುಚ್ಚುದು, ಕೆಲಸ ಮಾಡುದು, ತೆಗೆದುಕೊಂಡು ಹೋಗುದು.”

ಪರರ ಮನೆಯಲ್ಲಿ ತನ್ನದೇನನ್ನೂ ಬಿಟ್ಟು ಬರಬಾರದೆಂಬುದು ಅವನ ನಿಯಮ. ಪ್ರತಿ ಕಂಪ್ಯೂಟರಿನೊಳಗೂ ಹೋಸ್ಟ್ಸ್ ಎಂಬ ಒಂದು ಸಣ್ಣ ಫೈಲು ಇರುತ್ತದೆಯಂತೆ. ಅದೊಂದು ಬಗೆಯ ವಿಳಾಸದ ಪುಸ್ತಕ. ನಾವು ಒಂದು ತಾಣದ ಹೆಸರು ಕೊಟ್ಟರೆ ಕಂಪ್ಯೂಟರು ಹೊರಗಿನವರನ್ನು ಕೇಳುವ ಮೊದಲು ಆ ಪುಸ್ತಕವನ್ನು ನೋಡುತ್ತದೆ. ಅಲ್ಲಿ ಆ ಹೆಸರಿನ ಎದುರು ಕಂಪ್ಯೂಟರಿನದೇ ವಿಳಾಸ ಬರೆದಿದ್ದರೆ, ಅದು ತನ್ನದೇ ಮನೆಯ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲವೆಂದು ಸುಮ್ಮನಾಗುತ್ತದೆ. ಈ ಪುಸ್ತಕವನ್ನು ತಿದ್ದುವ ಸಾಧನ ಅವನ ಪೆನ್‌ಡ್ರೈವಿನಲ್ಲಿತ್ತು.

ಆ ಪುಸ್ತಕದಲ್ಲಿ ಸಾಲಿನ ಕೊನೆಗೆ ಒಂದು ಗುರುತು ಹಾಕಿ ಏನು ಬರೆದರೂ ಕಂಪ್ಯೂಟರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚದುರಂಗದ ಸಾಲಿನ ಕೊನೆಗೆ ಅವನು ಕನ್ನಡದಲ್ಲಿ ‘ಸರ್ ತಾವೇ ಹೇಳಿದ್ದು’ ಎಂದು ಬರೆದ. ನಾಳೆ ಇದನ್ನು ಯಾರು ಮುಚ್ಚಿಸಿದ್ದೆಂದು ನಾನು ಜಗಳಕ್ಕೆ ಬರಬಾರದಲ್ಲ ಎಂದು ಸಮಜಾಯಿಷಿ ಕೊಟ್ಟ. ನಾಲ್ಕನೆಯ ದಿನ ನಾನು ಜಗಳಕ್ಕೆ ಹೋದದ್ದು ನಿಜ.

ಪುತ್ತೂರಿನಿಂದ ಸುಳ್ಯದವರೆಗೆ ಅವನಿಗೆ ಕೆಲಸ ಸಿಗುತ್ತಿತ್ತು. ಆದರೆ ನನ್ನ ಹಾಗೆ ತನಗೆ ತಾನೇ ಬೀಗ ಹಾಕಿಸಿಕೊಂಡವರು ಕಡಿಮೆ. ಎಲ್ಲರಿಗೂ ಬೇಕಾದದ್ದು ಮನೆಯ ಇನ್ನೊಬ್ಬರಿಗೆ ಬೀಗ. ಒಬ್ಬರು ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದರೆ ಇನ್ನೊಬ್ಬರು ಗೇಟಿನವರೆಗೆ ಬಿಡಲು ಬಂದು ಹೇಳುತ್ತಿದ್ದರು. ಧರ್ಮಪಾಲ ಎಲ್ಲರಿಗೂ ಆಗಲಿ ಎನ್ನುತ್ತಿದ್ದ, ಯಾರ ಗುಟ್ಟನ್ನೂ ಬಿಡುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಮಾತ್ರ ಎಲ್ಲವನ್ನೂ ಚೊಕ್ಕವಾಗಿ ಬರೆದಿಡುತ್ತಿದ್ದ.

ಸುಳ್ಯದ ಹತ್ತಿರ ಅರಂತೋಡಿನಲ್ಲಿರುವ ನನ್ನ ಹಳೆಯ ಸ್ನೇಹಿತ ಮೇದಪ್ಪನವರ ಮನೆಗೆ ಅವನನ್ನು ಪರಿಚಯಿಸಿದವನು ನಾನೇ. ಮೂರು ವರ್ಷಗಳ ಹಿಂದೆ ಅವರ ಮಗಳು ಯಶಸ್ವಿ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಳು. ಅಪ್ಪನಿಗೆ ಮಗಳು ಕೃಷಿ ಕಾಲೇಜಿಗೆ ಹೋಗಬೇಕು, ತಾಯಿ ಪೂವಮ್ಮನಿಗೆ ನರ್ಸಿಂಗ್ ಆಗಬೇಕು, ಹುಡುಗಿಗೆ ದನದ ಡಾಕ್ಟರಾಗುವ ಆಸೆ. ಚರ್ಚೆ ಕೊನೆಯ ದಿನದವರೆಗೂ ಮುಗಿಯಲಿಲ್ಲ. ಆ ದಿನ ಸಂಜೆ ಐದು ಗಂಟೆಯೊಳಗೆ ಕಾಲೇಜುಗಳ ಹೆಸರನ್ನು ಕಂಪ್ಯೂಟರಿನಲ್ಲಿ ತುಂಬಿಸದಿದ್ದರೆ ಅವಳಿಗೆ ಆ ವರ್ಷ ಸೀಟೇ ಇಲ್ಲ. ತೀರ್ಪು ಹೇಳಲು ನನ್ನನ್ನು ಕರೆಸಿದ್ದರು.

ನಾನು ಹೋದಾಗ ಮಧ್ಯಾಹ್ನ ಮೂರು. ತಾಣ ತೆರೆಯುತ್ತಿರಲಿಲ್ಲ. ಕೊನೆಯ ದಿನವಲ್ಲವೇ, ರಾಜ್ಯದವರೆಲ್ಲ ಒಟ್ಟಿಗೆ ನುಗ್ಗಿರಬೇಕೆಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು. ಆ ತಗ್ಗಿನಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ವೈಫೈ ಇಟ್ಟರೆ ಮನೆಯವರು ಮೊಬೈಲಿನಲ್ಲೇ ಬಿದ್ದಿರುತ್ತಾರೆಂದು ಮೇದಪ್ಪನವರು ಇಂಟರ್ನೆಟ್ಟಿನ ವಯರನ್ನು ಕಂಪ್ಯೂಟರಿಗೆ ಮಾತ್ರ ಕೊಡಿಸಿದ್ದರು. ನಾಲ್ಕು ಗಂಟೆಗೆ ಅವರು ಲ್ಯಾಂಡ್‌ಲೈನಿನಿಂದ ಧರ್ಮಪಾಲನಿಗೆ ಫೋನು ಮಾಡಿದರು. ಸುಳ್ಯದಲ್ಲಿದ್ದವನು ಸಿಕ್ಕಿದ ಜೀಪು ಹತ್ತಿ ಬಂದು ಮುಟ್ಟುವಾಗ ನಾಲ್ಕೂವರೆ.

ತಾಣದ ಹೆಸರು ನೋಡಿದೊಡನೆ ಅವನ ಮುಖ ಬಿಳಿಚಿತು. ಎಲ್ಲರೂ ಐದು ನಿಮಿಷ ಹೊರಗೆ ಹೋಗಬಹುದೇ ಎಂದು ಕೇಳಿದ.

“ನನ್ನ ಮನೆಯಲ್ಲಿ ನಾನು ಹೊರಗೆ ಹೋಗುದು ಎಂತಕ್ಕೆ ಮಾರಾಯ?” ಎಂದರು ಮೇದಪ್ಪನವರು. “ಹುಡುಗಿಯ ಒಂದು ವರ್ಷ ಹೋಗ್ತದೆ. ನೀನು ಅದನ್ನು ಚುಚ್ಚು.”

ಧರ್ಮಪಾಲ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಯಶಸ್ವಿಯನ್ನು ನೋಡಿದ. ಪೆನ್‌ಡ್ರೈವ್ ಚುಚ್ಚಿದ. ಸಾಧನ ತೆರೆದರೆ ಸಾಕು, ಪಟ್ಟಿಯೂ ತೆರೆದುಕೊಳ್ಳುತ್ತದೆ. ಕಣ್ಣು ಮಂಜಾದದ್ದರಿಂದ ಅವನು ಅಕ್ಷರಗಳನ್ನು ಬಸ್ಸಿನ ಬೋರ್ಡಿನಷ್ಟು ದೊಡ್ಡದು ಮಾಡಿಟ್ಟಿದ್ದ. ಎರಡೂ ತೋಳು ಅಗಲಿಸಿ ಪರದೆಗೆ ಅಡ್ಡ ಕುಳಿತರೂ ಮುಚ್ಚಲಿಲ್ಲ. ಮೇದಪ್ಪನವರ ಕನ್ನಡಕ ಒಳಗಿತ್ತು. ಏನು ಬರೆದುಂಟು ಓದೆಂದು ಹೆಂಡತಿಗೆ ಹೇಳಿದರು. ಪೂವಮ್ಮ ಓದಿದರು.

“ದಿನಭವಿಷ್ಯ. ಮೇದಪ್ಪಣ್ಣ ಹೇಳಿದ್ದು. ಅಕ್ಕನಿಗೆ ಗೊತ್ತಾಗಬಾರದು.”

ಆರು ತಿಂಗಳಿಂದ ತನ್ನ ರಾಶಿಫಲ ಕಾಣಿಸದಿರುವುದು ಗ್ರಹಚಾರವೆಂದು ಪೂವಮ್ಮ ಎರಡು ಬಾರಿ ಹರಕೆ ಹೇಳಿಕೊಂಡಿದ್ದರಂತೆ. ಮುಂದಿನ ಸಾಲಿಗೆ ಬಂದವರು ತಟ್ಟನೆ ನಿಂತುಬಿಟ್ಟರು. ಇಷ್ಟರಲ್ಲಿ ಮೇದಪ್ಪನವರು ಕನ್ನಡಕ ತಂದು ತಾವೇ ಓದಿದರು: ಹಳೆ ಜೀಪು ಮಾರಾಟ, ಪೂವಕ್ಕ ಹೇಳಿದ್ದು, ಅಂಗಳದಲ್ಲಿ ಈಗಾಗಲೇ ಎರಡು ಉಂಟು.

“ಸ್ಟಾರ್ಟ್ ಆಗದ್ದು ಎರಡು,” ಎಂದು ಪೂವಮ್ಮ ತಿದ್ದಿದರು.

ಮೂರನೆಯ ಸಾಲನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು. ‘ಯಶಸ್ವಿ ಹೇಳಿದ್ದು. ಫಲಿತಾಂಶದ ಎರಡು ದಿನ. ಅಪ್ಪ ಮೊದಲು ನೋಡಬಾರದು.’ ಸಿಇಟಿಯ ಫಲಿತಾಂಶ ಬಂದದ್ದೂ ಕಾಲೇಜು ಆರಿಸಬೇಕಾದದ್ದೂ ಒಂದೇ ತಾಣದಲ್ಲಿ. ಈ ಫೈಲಿನಲ್ಲಿ ಮುಚ್ಚಿದರೆ ಇಡೀ ತಾಣವೇ ಮುಚ್ಚುತ್ತದೆ, ಒಂದು ಪುಟವನ್ನಷ್ಟೇ ಮುಚ್ಚಲು ಬರುವುದಿಲ್ಲ. ಗೆಳತಿಯ ಮೊಬೈಲಿನಲ್ಲಿ ಅಂಕ ನೋಡಿಕೊಂಡ ಹುಡುಗಿ ಬೀಗದ ಸಂಗತಿಯನ್ನೇ ಮರೆತಿದ್ದಳು, ಬೀಗ ಹಾಕಿದವನೂ ಮರೆತಿದ್ದ.

ಮಗಳನ್ನು ಗದರಲು ಅಪ್ಪ ಅಮ್ಮ ಇಬ್ಬರೂ ಬಾಯಿ ತೆರೆದರು. ಗದರುವ ಯೋಗ್ಯತೆ ಯಾರಿಗೂ ಉಳಿದಿರಲಿಲ್ಲವಾದ್ದರಿಂದ ಪರಸ್ಪರ ಗದರಿಕೊಂಡರು. ಭವಿಷ್ಯ ಮತ್ತು ಜೀಪಿನ ವಿಚಾರ ಜಗಲಿಗೆ ಹೋಯಿತು, ಜಗಲಿಯಿಂದ ಅಂಗಳಕ್ಕಿಳಿಯಿತು. ಧರ್ಮಪಾಲ ಯಶಸ್ವಿಯ ಸಾಲನ್ನು ಅಳಿಸಿ ಬ್ರೌಸರನ್ನು ಮುಚ್ಚಿ ತೆರೆದ. ತಾಣ ಬಂತು. ಗಂಟೆ ನಾಲ್ಕು ನಲವತ್ತೊಂದು.

“ಸರ್, ಪಶುವೈದ್ಯಕೀಯ ಮೊದಲು ಹಾಕ್ಲಾ?” ಎಂದು ಯಶಸ್ವಿ ಮೆಲ್ಲಗೆ ಕೇಳಿದಳು.

ನಿನಗೆ ಯಾವುದು ಬೇಕೋ ಅದೇ ಹಾಕೆಂದೆ. ತಂದೆತಾಯಿ ಎರಡನೆಯ ಜೀಪಿನ ಬ್ಯಾಟರಿಯ ಬಗ್ಗೆ ವಾದಿಸುತ್ತಿದ್ದಾಗ ಅವಳು ಕೊನೆಯ ಗುಂಡಿ ಒತ್ತಿದಳು. ಪ್ರಿಂಟ್ ಹೊರಬಂದಾಗ ಐದಕ್ಕೆ ನಾಲ್ಕು ನಿಮಿಷವಿತ್ತು. ಅದನ್ನು ಹಿಡಿದು ಅಂಗಳಕ್ಕೆ ಹೋಗಿ ಅವಳೇ ವಿಷಯ ಹೇಳಿದಳು. ಪಕ್ಕದ ಮನೆಯವರಿಗೆ ಡಾಕ್ಟರ್ ಎಂದಷ್ಟೇ ಹೇಳಿದರೆ ಸಾಕೆಂದು ಪೂವಮ್ಮ ತೀರ್ಮಾನಿಸಿದರು.

ಹಿಂದಿರುಗುವ ಬಸ್ಸಿನಲ್ಲಿ ಧರ್ಮಪಾಲ ನನ್ನ ಪಕ್ಕ ಕುಳಿತ. ಬರೆದಿಟ್ಟದ್ದೇ ತಪ್ಪಾಯಿತಲ್ಲವೇ ಎಂದು ಕೇಳಿದ. ಬರೆಯದಿದ್ದರೆ ಇಂದು ಯಾವ ಸಾಲು ಯಾರದೆಂದು ನಿನಗೂ ತಿಳಿಯುತ್ತಿರಲಿಲ್ಲವಲ್ಲ ಎಂದೆ. “ಹಾಗಾದರೆ ಗುಟ್ಟಾಗಿ ಕೇಳಿಸಿಕೊಂಡದ್ದೇ ತಪ್ಪು ಸರ್,” ಎಂದು ತನ್ನಷ್ಟಕ್ಕೆ ಹೇಳಿ ಕಡಬದ ಬಸ್ಸಿಗೆಂದು ಇಳಿದುಹೋದ.

ಯಶಸ್ವಿಗೆ ಸೀಟು ಸಿಕ್ಕಿತು. ಈಗ ಧರ್ಮಪಾಲ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತ ಹೊರತು ಪೆನ್‌ಡ್ರೈವನ್ನು ಕೊರಳಿನಿಂದ ತೆಗೆಯುವುದಿಲ್ಲ. ಯಾರಿಗೆ ಯಾವ ತಾಣ ಬೇಡವೋ ಅವರು ಎಲ್ಲರೆದುರು ಹೇಳಬೇಕು, ಇವನು ಎಲ್ಲರೆದುರು ಬರೆಯಬೇಕು. ಹೀಗಾಗಿ ಹಲವು ಮನೆಗಳಲ್ಲಿ ಏನನ್ನೂ ಬರೆಯದೆ, ಚಹಾ ಕುಡಿದು, ಅವರ ಮಾತುಕತೆ ಮುಗಿಯುವವರೆಗೆ ಕುಳಿತು ಬರುತ್ತಾನೆ. ಇಂದು ಬೆಳಗ್ಗೆ ನಾನು ಫೋನು ಮಾಡಿದಾಗ ಕಡಬದಲ್ಲಿ ಹೈದರ್ ಎಂಬವರ ಮನೆಯಲ್ಲಿದ್ದ. ಹೈದರ್, ಅವರ ಹೆಂಡತಿ ಮೈಮೂನಾ, ಮಕ್ಕಳು ಎಲ್ಲರೂ ಬಂದು ಕುಳಿತಾಗಿದೆಯಂತೆ. ಅಜ್ಜಿ ಪಾತು ಸ್ನಾನಕ್ಕೆ ಹೋಗಿದ್ದಾರೆ. ಹೆಚ್ಚಿನ ದೂರೆಲ್ಲ ಅವರ ಮೇಲೆಯೇ ಇರುವುದರಿಂದ ಕಾಯುತ್ತಿದ್ದೇನೆ ಎಂದ.