ಹರಿಗೋಲಿನ ತಳಕ್ಕೆ ಯಾವ ಬಣ್ಣ?

ದೋಣಿಗೆ ಬಣ್ಣ ಬಳಿಯಲು ಹೊರಟವರು ಸ್ವಲ್ಪ ತಡೀರಿ. ಡಬ್ಬಿಯ ಮುಚ್ಚಳ ಆಮೇಲೆ ತೆಗೆಯಬಹುದು, ಮೊದಲು ನಾನು ಎಷ್ಟು ಹೆದರಿದ್ದೆ ಅಂತ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಶುರು. ನಮ್ಮದು ದೇವದುರ್ಗದ ಕಡೆ ಹೊಳೆದಂಡೆಯ ಊರು. ಅಕ್ಕನನ್ನು ಆಚೆ ದಂಡೆಗೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ, ಬಾಣಂತನಕ್ಕೆ ಕರೆತರಬೇಕು. ಇದ್ದದ್ದು ಸೋದರಮಾವನ ಹರಿಗೋಲು ಒಂದೇ. ಅದರ ಬಿದಿರ ಬುಟ್ಟಿಗೆ ಆಗಷ್ಟೇ ಹೊಸ ಗೋಣಿತಟ್ಟು ಹೊದಿಸಿದ್ದರು. ನೀರು ಒಳಗೆ ಬರದಂತೆ ತಳಕ್ಕೆ ಬಳಿಯುವ ಕೆಲಸವನ್ನು ನಾನೇ ಕೇಳಿ ಪಡೆದೆ.

ಎಲ್ಲರೂ ಡಾಂಬರು ಬಳಿಯುತ್ತಿದ್ದರು. ಅದು ಬಿಸಿಲಿಗೆ ಮೆತ್ತಗಾಗಿ, ಮರಳಿನ ಮೇಲೆ ಎಳೆದಾಗ ಕಿತ್ತುಬರುವುದನ್ನು ನೋಡಿದ್ದೆ. ಅದಕ್ಕೇ ರಾಯಚೂರಿನ ಬಸ್ ಹತ್ತಿ ಬಣ್ಣದ ಅಂಗಡಿಗೆ ಹೋದೆ.

"ಲಾರಿಗೆ ಹಚ್ಚೋದು ಇದನ್ನ. ಮಳಿ, ಬಿಸಿಲು ಏನೂ ಮಾಡಂಗಿಲ್ಲ, ಒಯ್ಯಿ," ಅಂದ ಅಂಗಡಿಯವ.

ಹಸಿರು ಡಬ್ಬಿ ನೋಡಿ ಮಾವ ನಕ್ಕ. "ಏನಲೇ, ಹರಗೋಲಿಗೆ ಲಗ್ನ ಮಾಡ್ತೀಯೇನು?"

ನನಗೆ ನಗು ಬರಲಿಲ್ಲ. ಲಾರಿಯ ತಗಡು ಬಾಗುವುದಿಲ್ಲ, ಹರಿಗೋಲಿನ ತಳ ಕಾಲಿಟ್ಟಲ್ಲೆಲ್ಲ ಬಾಗುತ್ತದೆ. ಬಸ್ಸಿನಲ್ಲಿ ಬರುವಾಗಲೇ ಈ ಅನುಮಾನ ಹತ್ತಿತ್ತು. ಉಳಿದ ಗೋಣಿಯ ತುಂಡಿಗೆ ಬಣ್ಣ ಬಳಿದು ಒಣಗಿಸಿದೆ. ಏನು ಹೊಳಪು ಅಂತೀರಿ! ಮಡಚಿದೆ. ಚಟ್ ಅಂತ ಬಿರುಕು ಬಿಟ್ಟಿತು. ನೀರು ಸುರಿದರೆ ಹನಿಹನಿಯಾಗಿ ಕೆಳಗಿಳಿಯಿತು.

ಕೊನೆಗೆ ಡಾಂಬರನ್ನೇ ಕಾಯಿಸಿದೆ. ತೆಳ್ಳಗೆ ಬಳಿದು, ಆರಿದ ಮೇಲೆ ಮತ್ತೆ ಬಳಿದೆ. ಹೊಲಿಗೆಗಳ ಮೇಲೆ ಚಿಂದಿಯಿಂದ ತಿಕ್ಕಿ ತಿಕ್ಕಿ ತುಂಬಿದೆ. ಆದರೂ ನಂಬಿಕೆ ಬರಲಿಲ್ಲ.

ಮಾವನ ಜೊತೆ ಆಚೆ ದಂಡೆಗೆ ಹೋದೆ. ಅಲ್ಲಿ ಅಕ್ಕ ಹತ್ತಿ ಕೂತಳು. ಮಾವ ಹುಟ್ಟು ಹಾಕುತ್ತಿದ್ದ. ನಡುಹೊಳೆಯಲ್ಲಿ ಅವಳ ಕಾಲ ಹತ್ತಿರ ತೇವ ಕಂಡು ಬಗ್ಗಿ ತಳವನ್ನೇ ದಿಟ್ಟಿಸತೊಡಗಿದೆ.

"ಲೇ ತಮ್ಮಾ, ಅಕ್ಕನ ಮಾರಿ ನೋಡೋದು ಬಿಟ್ಟು ತಳದಾಗ ಏನ್ ಹುಡುಕಾಕತ್ತೀದಿ?" ಅಂದಳು ಅಕ್ಕ.

"ನೀರು ಬರಾಕತ್ತಾವೇನೋ ಅಂತ..."

"ನನ್ನ ಕಾಲು ತೊಯ್ದಾವಲೇ ಹುಚ್ಚಾ! ನೀರಾಗ ನಡದು ಬಂದು ಹತ್ತಿಲ್ಲೇನು ನಾನು?"

ಬೆರಳಿಂದ ಒರೆಸಿ ನೋಡಿದೆ. ಮತ್ತೆ ಒರೆಸಿದೆ. ಅವಳು ಈ ದಂಡೆಯ ಮರಳಿಗೆ ಕಾಲಿಡುವವರೆಗೂ ಒರೆಸುತ್ತಲೇ ಇದ್ದೆ.

ಡಾಂಬರು ಅವತ್ತು ತಡೆಯಿತು. ಆದರೆ ಬಿಸಿಲಿಗೆ ಕರಗದ, ಬಾಗಿದರೆ ಬಿರಿಯದ ಬಣ್ಣ ನನಗಂತೂ ಸಿಗಲೇ ಇಲ್ಲ. ನೀವು ನಿಮ್ಮ ದೋಣಿಗೆ ಏನು ಬಳಿದಿರಿ? ಮನೆಯವರನ್ನು ಅದರಲ್ಲಿ ಕೂರಿಸಿದಾಗ ನಿಮ್ಮ ಜೀವ ಏನಾಗಿತ್ತು? ದಯವಿಟ್ಟು ಬರೆದು ತಿಳಿಸಿ.