ತಲೆಗೆ ಎರೆದುಕೊಂಡು ಬನ್ನಿ ಅಂದಿದ್ದೆ

ಹೋದ ವರ್ಷ ಶಿವರಾತ್ರಿಯ ಮರುವಾರ ನಡೆದದ್ದು ಇದು. ನಾವು ನೈರೋಬಿಗೆ ಬಂದು ಬಹಳ ವರ್ಷಗಳಾದವು. ನಮ್ಮ ಯಜಮಾನರು ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ನಾನು ಮೈಸೂರಿನಲ್ಲಿ ಕಲಿತ ಯೋಗವನ್ನು ಇಲ್ಲಿನ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ನಮ್ಮ ಕಡೆಯ ಹೆಂಗಸರಿಗೆ ಹೇಳಿಕೊಡುತ್ತೇನೆ. ಚೆನ್ನಾಗಿಯೇ ಹೇಳಿಕೊಡುತ್ತೇನೆ, ಅದರಲ್ಲಿ ಸಂಕೋಚವೇನೂ ಇಲ್ಲ. ಸ್ವಲ್ಪ ಜೋರು ಎಂದು ಹೆಸರು ಬಂದಿರುವುದೂ ನಿಜ.

ನಮ್ಮ ಮೇಲಿನ ಮನೆಯಲ್ಲಿ ಗ್ಲೋರಿಯಾ ಇದ್ದಾರೆ. ಅಮೆರಿಕದ ಕಪ್ಪು ಜನಾಂಗದವರು, ನನಗಿಂತ ಹಿರಿಯರು. ಅಲ್ಲಿ ನರ್ಸ್ ಆಗಿದ್ದು, ನಿವೃತ್ತರಾದ ಮೇಲೆ ಇಲ್ಲಿಗೆ ಬಂದು ನೆಲೆಸಿದವರು. ಅವರಂತೆಯೇ ಅಲ್ಲಿಂದ ಬಂದ ಗೆಳತಿಯರ ಒಂದು ಗುಂಪು ಇಲ್ಲಿದೆ. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ, "ವಸುಧಾ, ನಮ್ಮವರಿಗೂ ಸ್ವಲ್ಪ ಯೋಗ ಹೇಳ್ಕೊಡ್ತೀಯಾ?" ಎಂದು ಕೇಳಿದರು.

"ಅದಕ್ಕೇನಂತೆ, ಹೇಳ್ಕೊಡೋಣ" ಎಂದೆ.

ಅವರು ಅಲ್ಲೇ ನಿಂತರು. "ನಮ್ಮ ಹೆಂಗಸರು ಮನೆಮಂದಿಗೆಲ್ಲ ದುಡೀತಾರೆ, ತಮ್ಮ ಮೈ ಮಾತ್ರ ನೋಡ್ಕೊಳ್ಳಲ್ಲ. ನನ್ನ ತಂಗಿ ಹಾಗೇ ಹೋದಳು. ಬಿಪಿ ಇತ್ತು, ಒಂದಿನ ಅಡುಗೆಮನೇಲಿ ಬಿದ್ದವಳು ಏಳಲೇ ಇಲ್ಲ. ಈಗ ರೆನೇನೂ ಅದೇ ದಾರೀಲಿದ್ದಾಳೆ. ಬಿಪಿ, ಶುಗರ್ ಎರಡೂ ಇದೆ. ಡಾಕ್ಟರು ಬೈದು ಕಳಿಸಿದ್ದಾರೆ. ಈ ಮೆಟ್ಟಿಲು ಹತ್ತಲಾರದೆ ನಮ್ಮನೆಗೆ ಬರೋದನ್ನೇ ಬಿಟ್ಟಿದ್ದಾಳೆ. ಬೇರೆ ಯಾರು ಬರದಿದ್ರೂ ಪರವಾಗಿಲ್ಲ, ಅವಳು ಬರಬೇಕು."

ರೆನೇ ಎಂದರೆ ಗ್ಲೋರಿಯಾರ ಆಪ್ತ ಗೆಳತಿ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಗ್ಲೋರಿಯಾ ಕಣ್ಣು ತುಂಬಿಕೊಂಡಿದ್ದನ್ನು ನೋಡಿ, ಹೇಗಾದರೂ ಮಾಡಿ ರೆನೇಯನ್ನು ಕರೆತರಲೇಬೇಕು ಎಂದುಕೊಂಡೆ.

ಹರ್ಲಿಂಗ್‌ಹ್ಯಾಮ್‌ನ ಒಂದು ಚರ್ಚಿನವರು ಶನಿವಾರ ಬೆಳಿಗ್ಗೆಗೆ ತಮ್ಮ ಹಾಲ್ ಕೊಟ್ಟರು. ಹಿಂದಿನ ದಿನ ಎಲ್ಲರಿಗೂ ಮೆಸೇಜ್ ಕಳಿಸಿದೆ. ನನ್ನ ಗುರುಗಳು ನನಗೆ ಹೇಳುತ್ತಿದ್ದುದನ್ನೇ ಇಂಗ್ಲಿಷಿನಲ್ಲಿ ಬರೆದೆ: ಖಾಲಿ ಹೊಟ್ಟೆಯಲ್ಲಿ ಬನ್ನಿ, ತಲೆಗೆ ಎರೆದುಕೊಂಡು ಬನ್ನಿ, ತಡ ಮಾಡಬೇಡಿ. ನಮ್ಮ ವೆಸ್ಟ್‌ಲ್ಯಾಂಡ್ಸ್ ಹೆಂಗಸರು ಒದ್ದೆ ಕೂದಲ ತುದಿಗೆ ಗಂಟು ಹಾಕಿಕೊಂಡು ಓಡೋಡಿ ಬರುತ್ತಾರೆ. ಇವರೂ ಹಾಗೇ ಬರುತ್ತಾರೆಂದು ನಾನು ಚಾಪೆಗಳನ್ನು ಸಾಲಾಗಿ ಹಾಸಿಕೊಂಡು ಕೂತೆ.

ಬಂದವರು ಗ್ಲೋರಿಯಾ ಒಬ್ಬರೇ. ಅವರ ಕೂದಲು ಗಂಡಸರ ಕ್ರಾಪಿನಷ್ಟು ಚಿಕ್ಕದು.

"ಎಲ್ಲಿ ಉಳಿದವರು?" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

ಗ್ಲೋರಿಯಾ ಚಾಪೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ವಸುಧಾ, ತಲೆಗೆ ಸ್ನಾನ ಅಂದ್ರೆ ನಮಗೆ ಏನು ಗೊತ್ತಾ? ನಮ್ಮ ಗುಂಗುರು ಕೂದಲನ್ನ ನೇರ ಮಾಡಿಸೋಕೆ ಅರ್ಧ ದಿನ ಸಲೂನಲ್ಲಿ ಕೂರ್ತೀವಿ. ಒಂದು ಚೊಂಬು ನೀರು ಬಿದ್ರೆ ಎಲ್ಲ ಹೋಯ್ತು. ನೀರು ಬಿಡು, ಬೆವರು ಬಂದ್ರೂ ಸಾಕು. ಅದಕ್ಕೇ ಎಷ್ಟೋ ಜನ ವ್ಯಾಯಾಮದ ತಂಟೆಗೇ ಹೋಗಲ್ಲ. ನಿನ್ನ ಮೆಸೇಜ್ ನೋಡಿ ರೆನೇಗಂತೂ ಖುಷಿಯೋ ಖುಷಿ, ಒಳ್ಳೆ ನೆಪ ಸಿಕ್ತು ಅಂತ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಇದೇ ಊರಿನಲ್ಲಿದ್ದು, ಇಂಥ ಕೂದಲನ್ನು ದಿನಾ ನೋಡುತ್ತಾ, ಅದರ ಕಷ್ಟ ಏನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಈಗ ಎಲ್ಲಿದ್ದಾರೆ ರೆನೇ?"

"ಇಲ್ಲೇ ಪಕ್ಕದ ಬೀದೀಲಿ, ಸಲೂನಲ್ಲಿ. ನಾಳೆ ಚರ್ಚಿಗೆ ಅಂತ ಕೂದಲು ಮಾಡಿಸ್ತಿದ್ದಾಳೆ."

ನಾನು ಒಂದು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. "ನಡೀರಿ. ಅವರು ಕ್ಲಾಸಿಗೆ ಬರದಿದ್ರೆ ಕ್ಲಾಸೇ ಅವರ ಹತ್ರ ಹೋಗುತ್ತೆ."

ಸಲೂನಿನಲ್ಲಿ ರೆನೇ ರಾಣಿಯ ಹಾಗೆ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ವಂಜಿರು ಎಂಬ ಹುಡುಗಿ ಬಿಸಿ ಇಸ್ತ್ರಿಯಂಥದ್ದನ್ನು ಹಿಡಿದು ಕೂದಲು ನೇರ ಮಾಡುತ್ತಿದ್ದಳು. ಅರ್ಧ ತಲೆ ರೇಷ್ಮೆಯಂತೆ ಇಳಿಬಿದ್ದಿತ್ತು, ಇನ್ನರ್ಧ ಗುಂಗುರಾಗಿ ನಿಂತಿತ್ತು. ನನ್ನ ಚಾಪೆ ನೋಡಿ ರೆನೇ ಕೈಮುಗಿದುಬಿಟ್ಟರು. "ಟೀಚರ್, ದಯವಿಟ್ಟು ನನ್ನ ತಲೆ ತೊಳೀಬೇಡಿ!"

"ತಲೆ ನಿಮ್ಮದು, ಇಟ್ಕೊಳ್ಳಿ. ನನಗೆ ಭುಜ ಕೊಡಿ ಸಾಕು" ಎಂದೆ.

ವಂಜಿರು ಇಸ್ತ್ರಿ ಕೆಳಗಿಟ್ಟಳು. ಕೂತ ಕುರ್ಚಿಯಲ್ಲೇ ಉಸಿರಾಟ ಹೇಳಿಕೊಟ್ಟೆ. ಪಾದ ತಿರುಗಿಸುವುದು, ಭುಜ ಎತ್ತಿ ಇಳಿಸುವುದು ಮಾಡಿಸಿದೆ. ಪಕ್ಕದ ಕುರ್ಚಿಗಳ ಹೆಂಗಸರೂ ಕನ್ನಡಿ ನೋಡಿಕೊಂಡು ಶುರು ಮಾಡಿದರು. ಅಷ್ಟರಲ್ಲಿ ರೇಡಿಯೋದಲ್ಲಿ ಒಂದು ಕುಣಿಸುವ ಹಾಡು ಬಂತು. ರೆನೇ ಭುಜ ನನ್ನ ಎಣಿಕೆ ಬಿಟ್ಟು ಹಾಡಿನ ತಾಳ ಹಿಡಿಯಿತು.

"ಟೀಚರ್, ನಿಮ್ಮದು ತುಂಬಾ ನಿಧಾನ" ಎನ್ನುತ್ತಾ ಎದ್ದು ನಿಂತರು.

ಆಮೇಲೆ ಕಂಡದ್ದನ್ನು ನಾನು ಮರೆಯುವುದಿಲ್ಲ. ಮೆಟ್ಟಿಲು ಹತ್ತಲಾರದ ಆ ದೊಡ್ಡ ಮೈ ಹೂವಿನಷ್ಟು ಹಗುರಾಗಿ ತಿರುಗಿತು. ಗ್ಲೋರಿಯಾ ನನ್ನ ಕಿವಿಯಲ್ಲಿ, "ಹುಡುಗಿಯಾಗಿದ್ದಾಗ ಕುಣಿಯೋಕೆ ನಿಂತ್ರೆ ಇವಳನ್ನ ನಿಲ್ಲಿಸೋರೇ ಇರ್ಲಿಲ್ವಂತೆ" ಎಂದರು. ರೆನೇ ನನ್ನನ್ನೂ ಎಳೆದರು. ನನಗೆಲ್ಲಿಯ ಕುಣಿತ! ನನ್ನ ಮದುವೆಯಲ್ಲೂ ನಾನು ಕುಣಿದವಳಲ್ಲ. ಗೊತ್ತಿದ್ದದ್ದು ಶಾಲೆಯಲ್ಲಿ ಕಲಿತ ಕೋಲಾಟ ಒಂದೇ. ಮೇಜಿನ ಮೇಲಿದ್ದ ಉದ್ದ ಹಿಡಿಯ ಬಾಚಣಿಗೆಗಳನ್ನು ತೆಗೆದುಕೊಂಡು ಎರಡನ್ನು ರೆನೇ ಕೈಗೆ ಕೊಟ್ಟೆ. ಟಕ ಟಕ ಎಂದು ಕೋಲಾಟ ಶುರುವಾಯಿತು. ವಂಜಿರು "ಸವಾ, ಮಮಾ, ಸವಾ!" ಎಂದು ಸ್ವಾಹಿಲಿಯಲ್ಲಿ ಹುರಿದುಂಬಿಸುತ್ತಾ ಚಪ್ಪಾಳೆ ತಟ್ಟಿದಳು.

ಹಾಡು ಮುಗಿದಾಗ ರೆನೇ ಕನ್ನಡಿ ನೋಡಿದರು. ಹಣೆಯಂಚಿನಲ್ಲಿ ಬೆವರು. ನೇರವಾಗಿದ್ದ ಅರ್ಧವೂ ಮತ್ತೆ ಗುಂಗುರಾಗಿ ಮೇಲೇಳುತ್ತಿತ್ತು. ಕೆಲಸ ಕೆಡಿಸಿದೆನಲ್ಲಾ, ಇನ್ನು ಈಕೆ ನನ್ನ ಮುಖವನ್ನೂ ನೋಡುವುದಿಲ್ಲ ಎಂದುಕೊಂಡು ಕೈಯಲ್ಲಿದ್ದ ಬಾಚಣಿಗೆಗಳನ್ನು ಮೇಜಿನ ಮೇಲಿಟ್ಟೆ.

ರೆನೇ ಕೂದಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ವಂಜಿರು, ಆ ಇಸ್ತ್ರಿ ಆರಿಸು. ಸಣ್ಣ ಸಣ್ಣ ಜಡೆ ಹೆಣೆದುಬಿಡು. ಜಡೆಯಾದ್ರೆ ಬೆವರಿಗೆ ಹೆದರಬೇಕಾಗಿಲ್ಲ." ಕನ್ನಡಿಯಲ್ಲೇ ನನ್ನ ಕಡೆ ನೋಡಿ, "ಮುಂದಿನ ಶನಿವಾರ ಎಷ್ಟು ಗಂಟೆಗೆ, ಟೀಚರ್?" ಎಂದರು.

ನಾನು ಸಂಜೆಯವರೆಗೂ ಅಲ್ಲೇ ಕೂತೆ. ನನ್ನ ಮಗಳಿಗೆ ಜಡೆ ಹಾಕಿದ ಅನುಭವದ ಮೇಲೆ ನಾನೂ ಒಂದು ಜಡೆ ಹೆಣೆದೆ. ವಂಜಿರು ಅದನ್ನು ನೋಡಿ, "ಪೋಲೆ, ಮಮಾ" ಎಂದು ಕ್ಷಮೆ ಕೇಳಿ, ಪೂರ್ತಿ ಬಿಚ್ಚಿ ಮತ್ತೆ ಹೆಣೆದಳು.

ಈಗ ಶನಿವಾರ ಹಾಲ್ ತುಂಬುತ್ತದೆ. ಮೊದಲು ರೆನೇ ಕುಣಿಸುತ್ತಾರೆ, ಆಮೇಲೆ ನನ್ನ ಯೋಗ. ತಲೆ ನೆಲಕ್ಕೆ ತಾಗಿಸುವ ಆಸನಗಳಿಗೆ ಅವರೆಲ್ಲ ಕೂದಲಿಗೆ ರೇಷ್ಮೆ ವಸ್ತ್ರ ಸುತ್ತಿಕೊಳ್ಳುತ್ತಾರೆ, ನಾನು ದಿಂಬು ಕೊಡುತ್ತೇನೆ. ನನ್ನ ಮೆಸೇಜಿನಲ್ಲಿ ಈಗ ತಲೆಸ್ನಾನದ ಮಾತಿಲ್ಲ. ಹೇಳಿಕೊಡುವ ಮೊದಲು ಕೇಳಿ ತಿಳಿಯಬೇಕು ಎಂಬುದನ್ನು ನಾನು ಕಲಿತದ್ದು ಆ ಸಲೂನಿನಲ್ಲಿ.

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಒಗ್ಗರಣೆ ಹಾಕುತ್ತಿದ್ದಾಗ ನಮ್ಮ ಬಾಗಿಲ ಹೊರಗೆ ಯಾರೋ ಹಾಡಿಕೊಂಡು ಮೆಟ್ಟಿಲು ಹತ್ತುತ್ತಿರುವುದು ಕೇಳಿಸಿತು. ತೆರೆದು ನೋಡಿದರೆ ರೆನೇ! "ಟೀಚರ್, ಮೇಲೆ ಬನ್ನಿ, ಗ್ಲೋರಿಯಾ ಮನೇಲಿ ಚಹಾ" ಎಂದು, ನಿಲ್ಲದೆ ಹತ್ತಿಕೊಂಡೇ ಹೋದರು.

ಗ್ಲೋರಿಯಾ ಮೇಲಿನ ಮೆಟ್ಟಿಲಲ್ಲಿ ಬಂದು ನಿಂತಿದ್ದರು. ರೆನೇ ಒಳಗೆ ಹೋದರೂ ಅವರು ಅಲ್ಲೇ ನಿಂತಿದ್ದರು. ನಾನು ಹತ್ತಿರ ಹೋದಾಗ ನನ್ನ ಕೈ ಹಿಡಿದುಕೊಂಡು, "ನನ್ನ ತಂಗಿ ಹತ್ತಿ ಬಂದ ಹಾಗಾಯ್ತು, ವಸುಧಾ" ಎಂದರು.

ಕೆಳಗಿನಿಂದ ನನ್ನ ಒಗ್ಗರಣೆ ಸೀದ ವಾಸನೆ ಬಂತು. ಓಡಿ ಇಳಿದು ಒಲೆ ಆರಿಸಿ, ಹೋದರೆ ಹೋಗಲಿ ಎಂದು ಮತ್ತೆ ಹತ್ತಿ ಬಂದು ಚಹಾಕ್ಕೆ ಕೂತೆ.