ಕಿವಿಗೆ ಮುಟ್ಟದ ಕೈ

ಸಾಲಿ ಕಡ್ಡಾಯ ಅಂತ ಮಾಸ್ತರು ಮನಿ ಮನಿ ತಿರುಗಾಕ ಹತ್ತಿದ ವರ್ಷ, ಬ್ಯಾಡಗಿಯ ನಮ್ಮ ಓಣಿ ಹುಡುಗೂರ ಕೈ ಎಲ್ಲಾ ಇದ್ದಕ್ಕಿದ್ದಂಗ ಗಿಡ್ಡ ಆದ್ವು. ಹುಟ್ಟಿದ ತಾರೀಖು ಯಾರ ಮನ್ಯಾಗೂ ನೆನಪಿರಲಿಲ್ಲ. ಅದಕ್ಕ ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದ್ರ ವಯಸ್ಸಾಗೈತಿ, ಸಾಲಿಗಿ ನಡಿ. ಮುಟ್ಟಲಿಲ್ಲಂದ್ರ ಇನ್ನೂ ಕೂಸು. ಇದು ಗೊತ್ತಾಗಿದ್ದ ತಡ, ಮನಿ ಮನ್ಯಾಗ ಕಿವಿ ಮುಟ್ಟದಂಗ ಕೈ ಚಾಚೋ ತಾಲೀಮು ನಡೀತು. ಮೀಸಿ ಚಿಗುರಿದ ನೆರಮನಿ ಹುಡುಗನ ಕೈಯೂ ನೆತ್ತಿ ದಾಟಲಿಲ್ಲ!

ನನಗೂ ಅವ್ವ ಕಲಿಸಿದ್ಲು. ಅಂಗಡಿಯವರು ಕೊಟ್ಟ ಮೆಣಸಿನಕಾಯಿ ತೊಟ್ಟು ಬಿಡಿಸೋದು ನಮ್ಮ ಕೆಲಸ. ನಾ ಸಾಲಿಗಿ ಹೋದ್ರ ರಾಶಿ ಮುಂದ ಆಕಿ ಒಬ್ಬಾಕಿನ. ಖರೇ ಹೇಳಬೇಕಂದ್ರ ನನಗ ಸಾಲಿ ಅಂದ್ರ ಜೀವ. ಕಿಟಕಿ ಹೊರಗ ನಿಂತು ಮಗ್ಗಿ ಕೇಳಿ ಬರ್ತಿದ್ದೆ.

ಮಾಸ್ತರು ಬಂದ್ರು. ನಾ ಅವ್ವ ಕಲಿಸಿದಂಗ ಕೈ ನೆತ್ತಿ ಮ್ಯಾಲ ನಿಲ್ಲಿಸಿದೆ. "ಇನ್ನೂ ಸಣ್ಣಾಕಿ ಅದಾಳ್ರಿ," ಅಂದ್ಲು ಅವ್ವ. ಮಾಸ್ತರು ಎದ್ದು ಚಪ್ಪಲಿ ಮೆಟ್ಟಿದ್ರು. ಮುಗೀತು ಅನ್ನಿಸ್ತು. ತಡಕೊಳ್ಳಾಕ ಆಗದ, ಗಪ್ಪನ ಕಿವಿ ಹಿಡಕೊಂಡು "ಸರ್, ಮುಟ್ಟೈತ್ರಿ!" ಅಂತ ಒದರಿದೆ.

"ಅಯ್ಯ ಶಿವನ, ಈಗ ಬೆಳೀತ ನೋಡ್ರಿ ಕೈ!" ಅಂದ್ಲು ಅವ್ವ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಾಳ, ಖಾರ ಕಡಿಮಿ ಅಂತಾರಲ್ಲ, ಅವ್ರು ಯಾರೂ ದಿನಪೂರ್ತಿ ತೊಟ್ಟು ಬಿಡಿಸಿದ ಬೆರಳು ಕಿವ್ಯಾಗ ಇಟ್ಟಿಲ್ಲ. ಹೊಯ್ಕೊಂಡು ಅತ್ತೆ. "ಅಳಬ್ಯಾಡವಾ, ಸಾಲ್ಯಾಗ ಯಾರೂ ಹೊಡಿಯೂದಿಲ್ಲ," ಅಂತ ಮಾಸ್ತರು ಸಮಾಧಾನ ಮಾಡಿದ್ರು. ಅದು ಶುದ್ಧ ಸುಳ್ಳು. ಅವ್ವ ಬೈಕೋಂತನ ಕಿವಿಗೆ ಎಣ್ಣಿ ಹಚ್ಚಿ, ಮರುದಿನ ಸಾಲಿಗಿ ಕಳಿಸಿದ್ಲು.

ಒಂದೆರಡು ವರ್ಷದ ಮ್ಯಾಲ ರಾಣೆಬೆನ್ನೂರ ಕಡೆಯ ಐರಣಿಯ ತವರಿಗೆ ಹೊಂಟಾಗ, ಅವ್ವ ಎಂದಿನಂಗ "ಯಪ್ಪಾ, ಇದು ಯಾವೂರ ಬಸ್ಸು?" ಅಂತ ಮಂದಿನ ಕೇಳಾಕತ್ತಿದ್ಲು. ನಾ ಬೋರ್ಡ್ ಓದಿ, "ರಾಣೆಬೆನ್ನೂರು, ಹತ್ತಬೇ," ಅಂದೆ. ಆಕಿ ನನ್ನ ಮಾರಿ ನೋಡಿದ್ಲು. ಇಳಿಯೂತನಕ ನನ್ನ ಕೈ ಬಿಡಲಿಲ್ಲ.

ಆ ಬ್ಯಾಸಿಗಿ ಕಳದು ಮಾಸ್ತರು ಮತ್ತ ಬಂದ್ರು. ನನ್ನ ತಂಗಿಗೆ ಇನ್ನೂ ನಾಕು ವರ್ಷ, ಕೈ ಖರೇನ ಗಿಡ್ಡ. ಅವ್ವ ಮೆಣಸಿನಕಾಯಿ ರಾಶಿ ಬಿಟ್ಟು ಎದ್ಲು. ಸಬಕಾರ ಹಚ್ಚಿ ತನ್ನ ಕೈ, ತಂಗಿ ಕೈ ತೊಳದ್ಲು. ಆಮ್ಯಾಲ ತಂಗಿ ತಲಿ ಹೆಗಲಿಗೆ ಒತ್ತಿ ಹಿಡದು, ಕೈ ಜಗ್ಗಿ ಕಿವಿ ಮುಟ್ಟಿಸಿದ್ಲು.

"ಅಲ್ಲವಾ, ಹುಡುಗಿ ತಲಿ ಯಾಕ ಸೊಟ್ಟ ಮಾಡ್ತಿ?" ಅಂದ್ರು ಮಾಸ್ತರು.

"ಆಕಿ ತಲಿನ ಹಂಗೈತ್ರಿ," ಅಂದ್ಲು ಅವ್ವ. "ಲಗೂ ಹೆಸರು ಬರಕೋರಿ."